ಹಿಮದ ಮೇಲೆ ಚೆಲ್ಲಿದ ಎಳ್ಳು

ತೊಂಬತ್ತರ ದಶಕದಲ್ಲಿ ನಾನು ಅಮೆರಿಕದ ಸೆಂಟರ್‌ವಿಲ್‌ನ ಅಪಾರ್ಟ್‌ಮೆಂಟೊಂದರಲ್ಲಿ ಒಬ್ಬನೇ ಇದ್ದೆ. ತಂಗಿಯ ಮದುವೆಗೆ ಊರಿಗೆ ಹೋಗಿರಲಿಲ್ಲ. ವೀಸಾದ ತಕರಾರಿತ್ತು, ಹೋದರೆ ವಾಪಸು ಬಿಡುತ್ತಾರೋ ಇಲ್ಲವೋ ಎಂಬ ಭಯ. ಅಪ್ಪ ಅದನ್ನು ನೆಪ ಎಂದರು. ಆಮೇಲೆ ನಾನು ಫೋನ್ ಮಾಡಿದಾಗಲೆಲ್ಲ ರಿಸೀವರನ್ನು ಅಮ್ಮನ ಕೈಗೆ ಕೊಟ್ಟು ಎದ್ದು ಹೋಗುತ್ತಿದ್ದರು. ಮಾತು ಬಿಟ್ಟವರು ಹಾಗೇ ತೀರಿಕೊಂಡರು. ಆಗಲೂ ನಾನು ಹೋಗಲಿಲ್ಲ.

ಅವರ ಮೊದಲ ವರ್ಷದ ತಿಥಿ ಭಾನುವಾರ ಬಂತು. ಮೈಸೂರಿನಲ್ಲಿ ನನ್ನ ಬದಲು ಚಿಕ್ಕಪ್ಪ ಶ್ರಾದ್ಧ ಮಾಡಿದರು. ಮಗನದೂ ಒಂದು ತುತ್ತಿರಲಿ ಎಂದು ನಾನು ಅನ್ನಕ್ಕೆ ಕರಿ ಎಳ್ಳು ಕಲಸಿ ಉಂಡೆ ಮಾಡಿ, ಪೇಪರ್ ಪ್ಲೇಟಿನಲ್ಲಿ ಹಾಕಿ, ಕಟ್ಟಡದ ಹಿಂದಿನ ಮರದ ಬುಡದಲ್ಲಿ ಹಿಮದ ಮೇಲಿಟ್ಟು ಬಂದೆ. ಕಾಗೆ ಮುಟ್ಟಿದರೆ ಹೋದವರಿಗೆ ಸಮಾಧಾನವಾಯಿತೆಂದು ಅರ್ಥ. ಮುಟ್ಟದಿದ್ದರೆ ಕೋಪ ಹಾಗೇ ಉಳಿದಿದೆ. ಇದನ್ನೆಲ್ಲ ನಂಬದವನೆಂದು ಗೆಳೆಯರ ಮುಂದೆ ಕೊಚ್ಚಿಕೊಳ್ಳುತ್ತಿದ್ದವನು ನಾನು. ಅವತ್ತು ಮಾತ್ರ ಊಟ ಸೇರಲಿಲ್ಲ.

ಮಧ್ಯಾಹ್ನ ಬಿಸಿಲು ಬಂದು ಹಿಮ ಮೆತ್ತಗಾಗಿತ್ತು. ಹೋಗಿ ನೋಡಿದರೆ ಮರದ ಸುತ್ತ ಎಳ್ಳೋ ಎಳ್ಳು! ಕಾಗೆ ಕುಕ್ಕಿ ಕೆದರಿದೆ ಎಂದುಕೊಂಡೆ. ಅಪ್ಪನ ಕೋಪ ಇಳಿಯಿತೆಂದು ಸಂತೋಷವಾಯಿತು. ಬಗ್ಗಿದೆ. ಎಳ್ಳು ಎಗರಿತು. ಒಂದಲ್ಲ, ನೂರಾರು, ಪಟಪಟನೆ ಎಗರತೊಡಗಿದವು. ಪ್ಲೇಟಿನ ಉಂಡೆ ನನ್ನ ಬೆರಳಿನ ಗುರುತಿನ ಸಮೇತ ಇಟ್ಟ ಹಾಗೇ ಇತ್ತು.

ನಾಯಿ ಹಿಡಿದುಕೊಂಡು ಬಂದ ಪಕ್ಕದ ಮನೆಯ ಅಮೆರಿಕನ್ ಅಜ್ಜಿ, ಅವು ಸ್ನೋ ಫ್ಲೀ ಎಂಬ ಹಿಮದ ಹುಳಗಳೆಂದೂ ಕಚ್ಚುವುದಿಲ್ಲವೆಂದೂ ಹೇಳಿದಳು. ಉದುರಿದೆಲೆಗಳ ಅಡಿಯಲ್ಲಿ ಇರುತ್ತವಂತೆ, ಬಿಸಿಲು ಕಂಡರೆ ಹಿಮದ ಮೇಲಕ್ಕೆ ಬರುತ್ತವಂತೆ. ಹೊಟ್ಟೆಯಡಿ ಮಡಚಿಟ್ಟ ಬಾಲವನ್ನು ಚಿಮ್ಮಿಸಿ ಹಾರುತ್ತವೆ, ಎಲ್ಲಿ ಬೀಳುತ್ತೇವೆಂದು ಅವಕ್ಕೇ ಗೊತ್ತಿರುವುದಿಲ್ಲ ಎಂದು ನಕ್ಕಳು. ಪ್ಲೇಟು ನೋಡಿ, ಅಳಿಲಿಗಿಟ್ಟೆಯಾ ಎಂದು ಕೇಳಿದಳು. ಹೌದೆಂದೆ.

ಅವಳು ಹೋದ ಮೇಲೆ ಸಿಟ್ಟು ನೆತ್ತಿಗೇರಿತು. ಎಳ್ಳುಕಾಳಿನಷ್ಟೂ ಇಲ್ಲದ ಹುಳ ನನ್ನನ್ನು ಏಮಾರಿಸಿತಲ್ಲ! ಹಿಮದ ಮೇಲೇ ಕೂತು ಅತ್ತೆ. ಅಪ್ಪ ಹೋದ ಮೇಲೆ ಅತ್ತದ್ದು ಅದೇ ಮೊದಲು. ಪ್ಯಾಂಟೆಲ್ಲ ಒದ್ದೆಯಾಯಿತು.

ಮರುದಿನ ಬೆಳಿಗ್ಗೆ ತಂಗಿಗೆ ಫೋನ್ ಮಾಡಿ, ಉಂಡೆ ಇಟ್ಟದ್ದನ್ನು ಹೇಳಿದೆ.

"ಕಾಗೆ ಮುಟ್ತಾ?"

"ಇಲ್ಲ ಕಣೇ."

 "ಅಣ್ಣಾ, ಆ ಚಳಿಗೆ ಅಲ್ಲಿ ಕಾಗೆಗಳೇ ಇರಲ್ಲ, ಅಲ್ವಾ?" ಎಂದಳು.

ಕಿಟಕಿಯಾಚೆ, ಪಾರ್ಕಿಂಗ್ ಲಾಟಿನ ದೀಪದ ಕಂಬದ ಮೇಲೆ ನಾಲ್ಕು ಕೂತಿದ್ದವು.

"ಒಂದೂ ಇರಲ್ಲ," ಎಂದೆ.