ಕೊಸರು ಚರಣ

ಮೊಳೆ, ಬೀಗ, ತಿರುಪು ಮಾರುವ ಅಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದವನನ್ನು ಊರೆಲ್ಲ ಆರ್ಗನ್ ಮಾವ ಎನ್ನುತ್ತಿತ್ತು. ವಾರವಿಡೀ ಕಬ್ಬಿಣದ ನೌಕರಿ, ಭಾನುವಾರ ಕ್ರೈಸ್ತ ದೇವಾಲಯದ ಆರ್ಗನ್ನಿನ ಚಾಕರಿ. ಮೊದಲನೆಯದಕ್ಕೆ ಸಂಬಳವಿತ್ತು. ಎರಡನೆಯದಕ್ಕೆ ಅವನೇ ಕೈಯಿಂದ ಹಾಕುತ್ತಿದ್ದ: ಕಾಲಲ್ಲಿ ತುಳಿಯುವ ಗಾಳಿಚೀಲ ಹರಿದರೆ ಚರ್ಮ, ಇಲಿ ಕಡಿದರೆ ಬಟ್ಟೆ. ನಿನ್ನ ದೇವರು ಒಳ್ಳೆಯ ವ್ಯಾಪಾರಿಯಯ್ಯಾ, ಆಳಿನ ಕೈಯಿಂದಲೇ ಬಂಡವಾಳ ಹಾಕಿಸುತ್ತಾನೆ ಎಂದು ಅಂಗಡಿಯ ಯಜಮಾನ ಚುಚ್ಚಿದರೆ ಮಾವ ನಕ್ಕು ತಕ್ಕಡಿಗೆ ಮೊಳೆ ಸುರಿಯುತ್ತಿದ್ದ.

ಮದುವೆಯ ಮಾತು ಒಮ್ಮೆ ಬಂದಿತ್ತು. ಹೆಣ್ಣು ಒಪ್ಪಿದ್ದಳು, ಇವನೂ ಮನಸೋತಿದ್ದ. ಅವಳಿಗೆ ಹಾಸಿಗೆ ಹಿಡಿದ ತಂದೆ. ತನ್ನ ಊರಿಗೇ ಬಂದು ನೆಲೆಸಬೇಕೆಂದಳು. ಹಾಗಾದರೆ ಇಲ್ಲಿ ಆರ್ಗನ್ ನುಡಿಸುವವರು ಯಾರು? ಈ ಪ್ರಶ್ನೆಯನ್ನೇ ಹಿಡಿದು ಮಾವ ಕುಳಿತ. ಅವಳ ಕೈಯನ್ನು ಇನ್ನೊಬ್ಬ ಹಿಡಿದ. ಅದು ದೇವರಿಗೆ ಕೊಟ್ಟ ಬಲಿ ಎಂದುಕೊಂಡ. ಆಮೇಲೆ ಒಂಟಿ ಕೋಣೆ, ಒಂದು ತಟ್ಟೆ, ಒಂದು ಲೋಟ. ಬಾಗಿಲು ತಟ್ಟುವವರು ಯಾರೂ ಇಲ್ಲದ್ದರಿಂದ ತನ್ನ ಕಿವಿ ಮಂದವಾಗುತ್ತಿರುವುದು ಅವನಿಗೇ ತಡವಾಗಿ ತಿಳಿಯಿತು.

ಅಂಗಡಿಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಗಿರಾಕಿಗಳು ಹಳೆಯ ಮೊಳೆ ತಂದು ಮೂಗಿನ ಮುಂದೆ ಹಿಡಿಯುತ್ತಿದ್ದರು. ಚೌಕಾಸಿ ಮಾಡುವವರು ತಾವೇ ಬಾಯಿ ನೋವಾಗಿ ಹೋಗುತ್ತಿದ್ದರು. ಆರ್ಗನ್ ಮಾತ್ರ ಚೆನ್ನಾಗಿ ಕೇಳುತ್ತದೆ ಎಂದು ಮಾವ ನಂಬಿದ್ದ. ಕೇಳುತ್ತಿದ್ದುದು ಬೆರಳಿಗೆ, ಕಿವಿಗಲ್ಲ. ಅವನು ಎದುರಿಗೆ ಇಟ್ಟುಕೊಳ್ಳುತ್ತಿದ್ದ ಹಾಳೆಗಳಲ್ಲಿ ರಾಗದ ಗುರುತುಗಳಷ್ಟೇ ಇದ್ದವು, ಮಾತುಗಳಿರಲಿಲ್ಲ. ಕೀರ್ತನೆ ಎಲ್ಲಿ ಮುಗಿಯಿತೆಂದು ಸಭೆಯ ದನಿ ಕೇಳಿಯೇ ಗೊತ್ತುಮಾಡಿಕೊಳ್ಳಬೇಕು.

ಮರದ ವ್ಯಾಪಾರಿಯೊಬ್ಬ ತೀರಿಕೊಂಡಾಗ ಅಂತ್ಯಕ್ರಿಯೆಯ ಪ್ರಾರ್ಥನೆಗೆಂದು ಯಜಮಾನ ಮೊದಲ ಸಲ ದೇವಾಲಯಕ್ಕೆ ಬಂದು ಹಿಂದೆ ಕುಳಿತಿದ್ದ. ಮಾರನೆಯ ದಿನ ಅಂಗಡಿ ತೆರೆಯುತ್ತಲೇ ಮಾವನ ಕಿವಿಗೆ ಬಾಯಿಟ್ಟ.

"ಏನಯ್ಯಾ, ಗಿರಾಕಿಗೆ ಒಂದು ಮೊಳೆ ಕೊಸರು ಹಾಕು ಅಂದ್ರೆ ಹಾಕಲ್ಲ. ಅಲ್ಲಿ ನೋಡಿದ್ರೆ ನಾಲ್ಕು ಚರಣದ ಹಾಡಿಗೆ ಐದನೇದು ಕೊಸರು ಹಾಕ್ತೀಯ."

"ಯಾರು ಹೇಳಿದ್ದು ಯಜಮಾನ್ರೇ?"

"ಪಕ್ಕದಲ್ಲಿದ್ದ ಅಜ್ಜಿ. ಮುಗಿದಿದ್ದು ನಿಂಗೆ ಗೊತ್ತಾಗಲ್ವಂತೆ. ನಿನ್ನ ಮರ್ಯಾದೆ ಹೋಗಬಾರದು ಅಂತ ಎಲ್ಲರೂ ಮೊದಲನೇ ಚರಣಾನೇ ಇನ್ನೊಂದ್ಸಲ ಹಾಡ್ತಾರಂತೆ."

ತಮಾಷೆಗೆಂದು ಶುರುಮಾಡಿದ ಯಜಮಾನ ಮಾವನ ಮುಖ ನೋಡಿ, ಎಂದೂ ಮುಟ್ಟದ ತಕ್ಕಡಿಯನ್ನು ಒರೆಸತೊಡಗಿದ.

ಮಾವ ಪಾದ್ರಿಯವರಲ್ಲಿಗೆ ಹೋದ. ಅವರು ಸುಳ್ಳು ಹೇಳಲಿಲ್ಲ. ಸಭೆಗೆ ಅಭ್ಯಾಸವಾಗಿದೆ, ನೀವು ಇರುವಷ್ಟು ಕಾಲ ಆ ಪೀಠ ನಿಮ್ಮದೇ ಎಂದರು. ಊರಿನ ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸಮ್ಮ ಆರ್ಗನ್ ಚೆನ್ನಾಗಿ ನುಡಿಸುತ್ತಾಳೆಂಬುದು ಇಬ್ಬರಿಗೂ ಗೊತ್ತಿತ್ತು.

ಕೋಣೆಗೆ ಬಂದು ಮೊಣಕಾಲೂರಿದ. ಇದೊಂದನ್ನು ನನಗೆ ಬಿಟ್ಟುಬಿಡು ತಂದೆಯೇ, ಬೇರೇನು ಬೇಕಾದರೂ ಕೇಳು ಎಂದು ಬೇಡಿದ. ಬೇರೇನಿದೆ ಎಂದು ಸುತ್ತ ನೋಡಿದರೆ ತಟ್ಟೆ, ಲೋಟ. ಆ ಹೆಣ್ಣನ್ನು ಬಿಟ್ಟದ್ದೇ ದೊಡ್ಡ ತ್ಯಾಗವೆಂದು ಇಷ್ಟು ವರ್ಷ ದೇವರ ಮುಂದೆ ಎದೆ ಸೆಟೆಸಿ ನಿಂತಿದ್ದ. ಈಗ ತೂಗಿ ನೋಡಿದರೆ ಅದು ಬರಿಯ ಅದಲುಬದಲು. ಅವಳನ್ನು ಕೊಟ್ಟು ಆರ್ಗನ್ ಇಟ್ಟುಕೊಂಡಿದ್ದ. ಚೀಟಿಯ ಮೇಲೆ ದೇವರ ಹೆಸರು, ಸರಕು ಬಂದು ಬಿದ್ದದ್ದು ತನ್ನ ಮನೆಗೆ. ಉತ್ತರವೇನೂ ಕೇಳಿಸಲಿಲ್ಲ. ಅದಕ್ಕೆ ಕಿವಿಯನ್ನು ದೂರುವಂತೆಯೂ ಇರಲಿಲ್ಲ. ಏನು ಮಾಡಬೇಕೆಂಬುದು ಮೊಣಕಾಲೂರುವ ಮೊದಲೇ ತಿಳಿದಿತ್ತು.

ಶನಿವಾರ ನರ್ಸಮ್ಮನ ಮನೆಯ ಬಾಗಿಲಲ್ಲಿ ನಿಂತು ಆರ್ಗನ್ನಿನ ಬೀಗದ ಕೈ ಚಾಚಿದ. ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಮೇಲೆ ಓಣಿಗೆಲ್ಲ ಕೇಳುವಂತೆ ಅವನ ಕಿವಿಯಲ್ಲಿ ಕೂಗಿದಳು:

"ಮಾವ, ನೀವು ನನ್ನ ಪಕ್ಕದಲ್ಲೇ ಕೂತ್ಕೊಳ್ಳಿ. ಪುಟ ತಿರುಗಿಸಿ ಕೊಡಿ, ಸಾಕು."

"ಬೇಡಮ್ಮಾ. ಪಕ್ಕದಲ್ಲಿ ಕೂತ್ರೆ ನನ್ನ ಕಾಲು ಸುಮ್ನಿರಲ್ಲ." ಬೀಗದ ಕೈಯನ್ನು ಅವಳ ಅಂಗೈಗೆ ಒತ್ತಿ ಹೇಳಿದ, "ಎಡಗಡೆ ಹಲಗೆಗೆ ಮೂಗಿನ ತುದೀಲೇ ಕೋಪ. ಮೆತ್ತಗೆ ತುಳಿ."

ಅವಳು ಅವನಿಗೆಂದು ಕುರ್ಚಿ ಎಳೆಯುವಷ್ಟರಲ್ಲಿ ಮೆಟ್ಟಿಲಿಳಿದಿದ್ದ.

ಭಾನುವಾರ ಕೊನೆಯ ಬೆಂಚಿಗೆ ಹೋದ. ಪ್ರಾಯ ಬಂದಾಗಿನಿಂದ ಸಭೆಯ ನಡುವೆ ಕುಳಿತವನಲ್ಲ. ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಅಜ್ಜಿಯೊಬ್ಬಳು ಸರಿದು ಜಾಗ ಕೊಟ್ಟು, ಎಲ್ಲರೂ ಎದ್ದಾಗ ಕೀರ್ತನೆಯ ಪುಸ್ತಕ ಬಿಡಿಸಿ ಅವನ ಕೈಗಿಟ್ಟಳು. ದೂರದಲ್ಲಿ ನರ್ಸಮ್ಮನ ಭುಜಗಳು ಆಡುತ್ತಿದ್ದವು. ಬಾಯಿಗಳು ತೆರೆದವು. ಒಂದು ಸದ್ದೂ ಇಲ್ಲ. ತನ್ನನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡಂತೆ ಆಯಿತು. ತಲೆ ತಗ್ಗಿಸಿ ಪುಸ್ತಕ ನೋಡಿದ. ಈ ರಾಗ ಅವನ ಬೆರಳಿಗೆ ಕಂಠಪಾಠ. ಆದರೆ ಅದರ ಮಾತುಗಳನ್ನು ಓದಿದವನೇ ಅಲ್ಲ. ನುಡಿಸುವವನಿಗೆ ಹಾಡಲು ಬಿಡುವೆಲ್ಲಿತ್ತು? ಕನ್ನಡಕ ಸರಿಮಾಡಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಪದವನ್ನು ತುಟಿಯಲ್ಲಿ ಕೂಡಿಸತೊಡಗಿದ.

ಹಾಡು ಮುಗಿದು ಸಭೆ ಕುಳಿತಿತು. ತೋಳು ಜಗ್ಗಲೆಂದು ಕೈಯೆತ್ತಿದ ಅಜ್ಜಿ ಅವನ ತುಟಿಗಳನ್ನು ನೋಡಿ ಕೈ ಹಿಂದೆಗೆದಳು. ಅಷ್ಟು ಜನರ ನಡುವೆ ಅವನೊಬ್ಬನೇ ನಿಂತಿದ್ದ, ಇನ್ನೂ ಎರಡನೆಯ ಚರಣದಲ್ಲಿ.