ಕೆನ್ನೆಯ ಮೇಲಿನ ಬೂಷ್ಟು

ಮಗಳು ಹುಟ್ಟಿ ಹದಿನೆಂಟು ದಿನವಾಗಿತ್ತು. ಬೆಳಿಗ್ಗೆ ನೋಡಿದರೆ ಅವಳ ಎರಡೂ ಕೆನ್ನೆಗಳ ಮೇಲೆ ಸಣ್ಣ ಕೆಂಪು ಗುಳ್ಳೆಗಳು. ಕೆಲವುಗಳ ತುದಿಯಲ್ಲಿ ಬಿಳಿ ಕೀವು. ಕೂಸಿಗೆ ಜ್ವರವಿರಲಿಲ್ಲ, ಹಾಲು ಕುಡಿಯುತ್ತಿತ್ತು, ನಿದ್ದೆ ಮಾಡುತ್ತಿತ್ತು. ತೊಂದರೆಯಾದದ್ದು ನನ್ನ ಗಂಡನ ಅಕ್ಕನಿಗೆ.

ನನ್ನ ಅವ್ವನಿಗೆ ಮೊಣಕಾಲಿನ ಆಪರೇಶನ್ ಆಗಿದ್ದರಿಂದ ಬಾಣಂತನ ಪುಣೆಯ ಕೋಥರೂಡಿನ ನಮ್ಮ ಫ್ಲ್ಯಾಟಿನಲ್ಲೇ ನಡೆದಿತ್ತು. ಅದನ್ನು ಮಾಡಲು ಊರಿನ ಇನ್ನೊಂದು ತುದಿಯ ವಿಮಾನ ನಗರದಿಂದ ಗಂಡನ ಅಕ್ಕ ಬಂದಿದ್ದರು, ಒಂದು ಚೀಲ ಬಟ್ಟೆ ಮತ್ತು ಮೂರು ಚೀಲ ಕ್ರಿಮಿನಾಶಕಗಳೊಂದಿಗೆ. ಬಾಗಿಲ ಹಿಡಿಕೆ, ಫ್ಯಾನಿನ ಸ್ವಿಚ್ಚು, ತೊಟ್ಟಿಲ ಹಗ್ಗ, ಕೊನೆಗೆ ಕೊತ್ತಂಬರಿ ಕಟ್ಟಿನ ಮೇಲೂ ಸ್ಪ್ರೇ ಹೊಡೆಯುತ್ತಿದ್ದರು. ರೋಗಾಣು ಎಂದರೆ ಬಡವರ ಮನೆಯಲ್ಲಿ ಹುಟ್ಟಿ ಲಿಫ್ಟಿನಲ್ಲಿ ಮೇಲೆ ಬರುವ ವಸ್ತು ಎಂದು ಅವರು ಗಟ್ಟಿಯಾಗಿ ನಂಬಿದ್ದರು. ತಮ್ಮ ತುಟಿಗಳ ಬಗ್ಗೆ ಮಾತ್ರ ಅವರಿಗೆ ಅನುಮಾನವಿರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಆ ಕೆನ್ನೆಗಳಿಗೆ ಲೊಚಲೊಚ ಮುತ್ತು ಕೊಟ್ಟು, ಮೇಲೆ ವಿದೇಶದ ಕ್ರೀಮೊಂದನ್ನು ಬೆಣ್ಣೆಯಂತೆ ಸವರಿ, ಫೋಟೋ ತೆಗೆದು ಎಲ್ಲರಿಗೂ ಕಳಿಸುತ್ತಿದ್ದರು.

ಕೂಸಿಗೆ ಎಣ್ಣೆ ತಿಕ್ಕಿ ಎರೆಯಲು ದಿನಾ ಒಬ್ಬ ಹೆಂಗಸು ಬರುತ್ತಿದ್ದಳು. ಇಂಡಿ ಕಡೆಯವಳು, ಪುಣೆಗೆ ಬಂದು ಬಹಳ ವರ್ಷವಾಗಿತ್ತು. ಸೊಸೈಟಿಯ ಮರಾಠಿ ಜನರಂತೆ ನಾವೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅವಳು ಬಚ್ಚಲಲ್ಲಿ ಕಾಲು ಚಾಚಿ ಕುಳಿತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡರೆ ಅದು ಅಳುವುದನ್ನೇ ಮರೆಯುತ್ತಿತ್ತು.

ಆ ಬೆಳಿಗ್ಗೆ ಅವಳು ಚಪ್ಪಲಿ ಬಿಡುತ್ತಿದ್ದಂತೆಯೇ ಗಂಡನ ಅಕ್ಕ ಬಾಗಿಲಲ್ಲಿ ತಡೆದರು.

"ಕೂಸಿನ ಮಾರಿ ನೋಡು. ಎಲ್ಲಾ ನಿನ್ನ ಕೈಲೇ ಆಗೇದ. ಎಲ್ಲೆಲ್ಲಿ ಹೊಲಸು ಮುಟ್ಟಿ ಬರ್ತೀಯೋ!"

ಮಾವಶಿ ಎರಡೂ ಕೈ ಮುಂದೆ ಚಾಚಿದಳು. "ನೋಡ್ರಿ ಬಾಯಾರ. ಉಗುರು ಸೈತ ಬಿಟ್ಟಿಲ್ಲ. ಕೂಸಿನ ಮಾರಿಗೆ ನಾ ಎಣ್ಣಿನೂ ಹಚ್ಚಂಗಿಲ್ರಿ."

"ನಾಳಿಂದ ಬರಬ್ಯಾಡ."

ಮಾವಶಿ ಅವರ ಹೆಗಲ ಮೇಲಿಂದ ನನ್ನನ್ನು ನೋಡಿದಳು. ನಾನು ಮಂಚದ ಮೇಲೆ ಕುಳಿತಿದ್ದೆ. ನನ್ನ ಗಂಡ ಮೊಬೈಲಿನಲ್ಲಿ ಮುಖ ಹುದುಗಿಸಿದ್ದರು.

ಅದು ಅವಳ ಕೈಯಿಂದಾದದ್ದಲ್ಲ ಎಂದು ನನಗೆ ಗೊತ್ತಿತ್ತು. ತಳೇಗಾಂವದ ಒಂದು ಬೇಕರಿ ಕಾರ್ಖಾನೆಯ ಲ್ಯಾಬಿನಲ್ಲಿ ಯೀಸ್ಟು, ಬೂಷ್ಟು ಪರೀಕ್ಷಿಸುವುದೇ ನನ್ನ ಕೆಲಸ. ಮನುಷ್ಯರ ಚರ್ಮದ ಜಿಡ್ಡು ತಿಂದು ಬದುಕುವ ಯೀಸ್ಟುಗಳಿವೆ, ಅವು ಕೂಸು ಹುಟ್ಟಿದ ಕೂಡಲೇ ತಾಯಿಯ ಮೈಯಿಂದ ಅದರ ಮೈಗೆ ಬರುತ್ತವೆ ಎಂದು ಓದಿದ್ದೆ. ಗುಳ್ಳೆ ನೋಡಿದಾಗಲೇ ಇದು ಅದೇ ಇರಬೇಕು ಅನ್ನಿಸಿತ್ತು. ಆದರೂ ಸುಮ್ಮನಿದ್ದೆ. ಮಧ್ಯಾಹ್ನದ ಬಿಸಿ ಅನ್ನ, ತುಪ್ಪ, ಮೆಂತ್ಯದ ಸಾರು ಗಂಡನ ಅಕ್ಕನ ಕೈಯಿಂದಲೇ ಬರಬೇಕಿತ್ತು. ನನ್ನ ವಿಜ್ಞಾನದ ಯೋಗ್ಯತೆ ಒಂದು ಬಟ್ಟಲು ಸಾರಿನಷ್ಟು. ಮಾವಶಿ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಸಂಜೆ ಹತ್ತಿರದ ಮಕ್ಕಳ ಡಾಕ್ಟರ ಬಳಿ ಹೋದೆವು. ವಯಸ್ಸಾದವರು. ಕೂಸಿನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ, "ಮುಖಕ್ಕೆ ಏನು ಹಚ್ಚುತ್ತೀರಿ?" ಎಂದು ಮರಾಠಿಯಲ್ಲಿ ಕೇಳಿದರು. ಗಂಡನ ಅಕ್ಕ ಹೆಮ್ಮೆಯಿಂದ ಪರ್ಸಿನಿಂದ ಕ್ರೀಮು ತೆಗೆದು ಮೇಜಿನ ಮೇಲಿಟ್ಟರು.

"ಮೊದಲು ಇದನ್ನು ನಿಲ್ಲಿಸಿ. ಚರ್ಮದ ಮೇಲಿನ ಯೀಸ್ಟಿಗೆ ಜಿಡ್ಡೇ ಊಟ. ಔಷಧಿ ಬೇಕಿಲ್ಲ, ತಾನಾಗಿ ಹೋಗುತ್ತದೆ."

"ಯೀಸ್ಟ್ ಅಂದ್ರ ಬೂಷ್ಟಾ? ನಮ್ಮ ಮನ್ಯಾಗ?" ಎಂದು ಅವರು ನನ್ನತ್ತ ತಿರುಗಿ ಕನ್ನಡದಲ್ಲಿ ಕೂಗಿದರು. ಡಾಕ್ಟರಿಗೆ ಬೂಷ್ಟು ಎಂಬ ಮಾತು ತಿಳಿಯದಿದ್ದರೂ ಅವರ ಮುಖ ತಿಳಿಯಿತು. "ಅದು ನಿಮ್ಮ ಹಣೆಯ ಮೇಲೂ ಇದೆ, ನನ್ನ ಹಣೆಯ ಮೇಲೂ ಇದೆ," ಎಂದರು.

ರಿಕ್ಷಾದಲ್ಲಿ ಅವರು ಕರವಸ್ತ್ರದಿಂದ ಹಣೆ ತಿಕ್ಕಿಕೊಳ್ಳುತ್ತಲೇ ಇದ್ದರು. "ಮುದುಕಗ ಏನೂ ತಿಳಿಯಂಗಿಲ್ಲ. ನಮ್ಮ ಕಡೆ ಡಾಕ್ಟರ್ ಭಾಳ ಶ್ಯಾಣ್ಯಾ ಇದ್ದಾನ," ಎಂದರು. ಮಾವಶಿಯ ಹೆಸರನ್ನು ಎತ್ತಲೇ ಇಲ್ಲ. ಮೂರನೆಯ ದಿನ ಬೆನ್ನು ನೋವೆಂದು ತಮ್ಮ ಮನೆಗೆ ಹೊರಟುಹೋದರು. ಏನೂ ಹಚ್ಚದೆ ಎರಡು ವಾರದಲ್ಲಿ ಕೆನ್ನೆ ತಿಳಿಯಾಯಿತು. ಅಷ್ಟು ದಿನ ನಾನು ಕೂಸಿನ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆನಷ್ಟೆ.

ಆಮೇಲೆ ನಾನು ಮಾವಶಿಯನ್ನು ಹುಡುಕಿಕೊಂಡು ಹೋದೆ. ಪಕ್ಕದ ಬಿಲ್ಡಿಂಗಿನಲ್ಲಿ ಒಂದು ಕೂಸಿಗೆ ಎರೆದು ಮೆಟ್ಟಿಲಿಳಿದು ಬರುತ್ತಿದ್ದಳು.

"ಮಾವಶಿ, ನಮ್ಮದು ತಪ್ಪಾತು. ನಾಳಿಂದ ಬರ್ರಿ."

"ಕೂಸಿನ ಮಾರಿ ಆರೈತೇನ್ರಿ?"

"ಆರೇದ. ನಿಮ್ಮ ಕೈಲೇ ಆಗಿದ್ದಲ್ಲ ಅದು."

"ಅದು ನನಗ ಗೊತ್ತೈತ್ರಿ. ನಿಮಗ ಯಾವಾಗ ಗೊತ್ತಾತು?"

ಸುಳ್ಳು ಹೇಳಬಹುದಿತ್ತು, ಡಾಕ್ಟರು ಹೇಳಿದ ಮೇಲೆ ಎಂದು. ಬಾಯಿ ಬರಲಿಲ್ಲ. "ಅವತ್ತ ಗೊತ್ತಿತ್ತು," ಎಂದೆ.

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ನಿಮ್ಮ ಬಾಯಾರು ತಿಳೀದ ಅಂದ್ರು, ಬಿಡ್ರಿ. ನೀವು ತಿಳಿದು ಸುಮ್ಮಕ ಕುಂತ್ರಿ. ನಿಮ್ಮ ಮನಿಗೆ ನಾ ಬರಂಗಿಲ್ರಿ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಎರೆಯೂ ಮುಂದ ಕುತ್ತಿಗಿ ಕೆಳಗ ಅಂಗೈ ಇರ್ಲಿ. ಭಾಳ ಬಿಸಿ ನೀರು ಹಾಕಬ್ಯಾಡ್ರಿ."

ಮರುದಿನ ನಾನೇ ಎರೆದೆ. ಸೋಪು ಕಣ್ಣಿಗೆ ಹೋಗಿ ಕೂಸು ಕಿರುಚಿತು. ಗಂಡ ಬಚ್ಚಲ ಬಾಗಿಲಿಗೆ ಬಂದು, "ಮಾವಶಿನ್ನ ಕರೀಬೇಕಿತ್ತಲ್ಲ," ಎಂದರು.

"ಕರದಿದ್ದೆ. ಬರಂಗಿಲ್ಲ ಅಂದ್ರು."

"ಯಾಕಂತ?"

"ನಾವು ಎಂಥಾವ್ರು ಅಂತ ಅವರಿಗೆ ತಿಳದದ ರೀ," ಎಂದೆ. ಅವರು ಟವೆಲ್ ಕೊಟ್ಟು ಹೊರಗೆ ಹೋದರು.