ಬಾದಾಮಿ ವಾಸನೆಯ ಅಂಗಿ

ಬೆಳಿಗ್ಗೆ ಅರಸೀಕೆರೆಯ ಪ್ರಯೋಗಾಲಯದಲ್ಲಿ, ಪೇಂಟ್ ತೆಳುಮಾಡಲು ಬಳಸುವ ಟಾಲೂಯಿನ್‌ಗೆ ಕರೆಂಟ್ ಹಾಯಿಸಿ ಬೆಂಜಾಲ್ಡಿಹೈಡ್ ಮಾಡಿದ್ದೆ. ಅದರ ವಾಸನೆ ಥೇಟ್ ಬಾದಾಮಿಯದು. ಅಂಗಿಯ ತೋಳಿಗೆ ಒಂದೆರಡು ಹನಿ ಸಿಡಿದದ್ದನ್ನು ಮರೆತು ಜಾವಗಲ್ ಬಸ್ಸು ಹತ್ತಿದೆ.

ಪಕ್ಕದಲ್ಲಿ ಕೂತಿದ್ದ ಅಜ್ಜಿ ಮೂಗರಳಿಸಿದರು. "ಬಾದಾಮಿ ಹಾಲು ಐತಾ ಮಗಾ?"

"ಇಲ್ಲಜ್ಜಿ, ಅಂಗಿ ವಾಸನೆ."

"ಅಂಗಿಗೆ ಯಾರಾದ್ರೂ ಬಾದಾಮಿ ಹಾಲು ಕುಡಿಸ್ತಾರಾ?"

ಹಿಂದಿನ ಸೀಟಿನವರು ನಕ್ಕರು. ಕಂಡಕ್ಟರ್ ನನ್ನ ಬ್ಯಾಗನ್ನೇ ನೋಡತೊಡಗಿದ. ಮಾನ ಉಳಿಸಿಕೊಳ್ಳಲು ವಿವರಿಸಿದೆ: ಕರೆಂಟು ಟಾಲೂಯಿನ್ ಅಣುವಿನಿಂದ ಮೊದಲು ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಆಮೇಲೆ ಒಂದು ಪ್ರೋಟಾನ್ ಬಿಟ್ಟುಹೋಗುತ್ತದೆ, ಇನ್ನೊಂದು ಎಲೆಕ್ಟ್ರಾನೂ ಹೋದ ಮೇಲೆ ಆ ಜಾಗಕ್ಕೆ ನೀರು ಬಂದು ಸೇರುತ್ತದೆ; ಇಷ್ಟೂ ಇನ್ನೊಮ್ಮೆ ನಡೆದರೆ ಈ ವಾಸನೆ ಬರುತ್ತದೆ.

ಅಜ್ಜಿ ಕೊನೆತನಕ ಕೇಳಿಸಿಕೊಂಡು ಸೆರಗು ಸರಿಮಾಡಿಕೊಂಡರು. "ಕೊಡಾಕಿಲ್ಲ ಅಂದಿದ್ರೆ ಸಾಕಿತ್ತು ಕಣಪ್ಪಾ, ಇಷ್ಟುದ್ದ ಸುಳ್ಳು ಹೇಳ್ಬೇಕಿತ್ತಾ?" ಎಂದು ಕಿಟಕಿ ಕಡೆ ತಿರುಗಿಬಿಟ್ಟರು.

ನನ್ನ ಸಂಶೋಧನಾ ಪ್ರಬಂಧಗಳನ್ನು ಪರಿಶೀಲಿಸುವವರೂ ಉದ್ದವಾಯಿತು ಎಂದೇ ಬರೆಯುತ್ತಾರೆ. ಸುಳ್ಳು ಅಂತ ಮಾತ್ರ ಅಲ್ಲಿಯವರೆಗೆ ಯಾರೂ ಅಂದಿರಲಿಲ್ಲ.